ಸಂತೆಯಲ್ಲಿ ಶುರುವಾದ ಶಾಂತಿ

2025ರ ಮೇ 8ರ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಇಂಟರ್ನಲ್ಸ್ ಹತ್ತಿರ ಬಂದಿದ್ದರೂ ಪುಸ್ತಕ ಮುಟ್ಟಿದವರಿಲ್ಲ. ಟಿವಿ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರಿಕೆಟ್ ಫೈನಲ್‌ಗೂ ಅಷ್ಟು ಜನ ಸೇರಿದ್ದು ನಾನು ನೋಡಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ, ಸೈರನ್ ಸದ್ದು, ಆ್ಯಂಕರ್‌ಗಳ ಕೂಗಾಟ. ಹದಿನೈದು ದಿನದ ಹಿಂದಷ್ಟೇ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಿದ್ದರು. ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಸಿಟ್ಟು ಎಲ್ಲರಿಗೂ ಇತ್ತು, ನನಗೂ ಇತ್ತು. ಅದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ಆದರೆ ಆ ರಾತ್ರಿ ನಾನು ಮಾಡಿದ್ದು ತಪ್ಪು. ಹನ್ನೊಂದೂವರೆ ಸುಮಾರಿಗೆ ನನ್ನ ಮೊಬೈಲ್‌ಗೆ ಒಂದು ಆಡಿಯೊ ಬಂತು. ಗಡಿಯ ಯಾವುದೋ ಭಾಗದಲ್ಲಿ ನಮ್ಮ ಪೋಸ್ಟ್ ಮೇಲೆ ದಾಳಿಯಾಗಿದೆ, ತುಂಬಾ ಜನ ಹೋಗಿದ್ದಾರೆ, ಇದನ್ನು ಟಿವಿಯಲ್ಲಿ ತೋರಿಸುವುದಿಲ್ಲ ಎಂದು ಯಾರೋ ಗಡಸು ದನಿಯಲ್ಲಿ ಹೇಳುತ್ತಿದ್ದರು. ಯಾರು ಹೇಳಿದ್ದು, ಎಲ್ಲಿಂದ ಬಂದಿದ್ದು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ‘ಬಿಡಬಾರದು ಇವರನ್ನ’ ಅಂತ ಟೈಪ್ ಮಾಡಿ ಕ್ಲಾಸ್ ಗ್ರೂಪ್‌ಗೆ ಹಾಕಿದೆ. ನಲವತ್ತು ಸೆಕೆಂಡ್‌ನಲ್ಲಿ ಹದಿನೆಂಟು ಲೈಕ್. ಆ ಹೊತ್ತಿಗೆ ನಾನೂ ದೇಶಕ್ಕಾಗಿ ಏನೋ ಮಾಡಿದೆ ಅನ್ನಿಸಿತ್ತು.

ಮರುದಿನ ಸಂಜೆ ನನ್ನ ರೂಮ್‌ಮೇಟ್ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನು ಗೋಕಾಕ ಕಡೆಯವನು. ಅವನ ಅಣ್ಣ ಸೇನೆಯಲ್ಲಿದ್ದಾನೆ. ಏನಾಯ್ತು ಎಂದು ಕೇಳಿದೆ. ‘ಯಾವನೋ ಒಬ್ಬ ಆಡಿಯೊ ಬಿಟ್ಟಾನಲೇ. ಅದು ನಮ್ಮೂರ ಗ್ರೂಪಿಗೂ ಹೋಗೇತಿ. ಅಣ್ಣನ ಫೋನ್ ಹತ್ತವಲ್ದು. ಅವ್ವ ನಿನ್ನೆ ರಾತ್ರಿಯಿಂದ ಒಂದು ತುತ್ತು ಉಂಡಿಲ್ಲ’ ಎಂದ.

ನನಗೆ ಬಾಯಿ ಬರಲಿಲ್ಲ. ಅವನ ಚಿಕ್ಕಪ್ಪನ ಮಗ ನಮ್ಮ ಕ್ಲಾಸ್‌ನಲ್ಲೇ ಓದುತ್ತಾನೆ. ಅಂದರೆ ಆಡಿಯೊ ಹೋದ ದಾರಿ ಯಾವುದು ಎಂದು ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. 10ನೇ ತಾರೀಖು ಸಂಜೆ ಕದನ ವಿರಾಮ ಘೋಷಣೆಯಾಯಿತು. ಆ ರಾತ್ರಿಯೇ ಅಣ್ಣನ ಫೋನೂ ಬಂತು. ಅವನಿದ್ದ ಜಾಗದಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಆ ನಾಲ್ಕು ದಿನ ಓಡಾಡಿದ ಎಷ್ಟೋ ವಿಡಿಯೊಗಳಂತೆ, ವಿಡಿಯೊ ಗೇಮ್‌ನಿಂದ ಕತ್ತರಿಸಿ ತೆಗೆದ ದೃಶ್ಯಗಳಂತೆ, ಆ ಆಡಿಯೊ ಕೂಡ ಸುಳ್ಳಾಗಿತ್ತು. ನಾನು ಮಾತ್ರ ಅವನಿಗೆ ಏನೂ ಹೇಳಲಿಲ್ಲ. ಹೇಳದೇ ಏಳು ತಿಂಗಳು ಅದೇ ರೂಮಿನಲ್ಲಿ ಅವನ ಜತೆ ಮಲಗಿದೆ, ಎದ್ದೆ, ಅವನ ಮನೆಯಿಂದ ಬಂದ ಕರದಂಟು ತಿಂದೆ.

ಈ ಬರಹ ಅದರ ಬಗ್ಗೆ ಅಲ್ಲ. ಆದರೆ ಅದನ್ನು ಹೇಳದೆ ಮುಂದಿನದು ಬರೆಯಲು ಆಗುತ್ತಿಲ್ಲ.

ಮಿನಿ ಪ್ರಾಜೆಕ್ಟ್ ಕರೆದುಕೊಂಡು ಹೋದ ಊರು

ಐದನೇ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್ ಇತ್ತು. ಮಳೆ ಬಂದಾಗ ಊರಿನಲ್ಲಿ ಎಲ್ಲೆಲ್ಲಿ ನೀರು ನಿಂತಿದೆ ಎಂದು ಜನರೇ ಎಸ್‌ಎಂಎಸ್ ಕಳಿಸಬೇಕು, ಅದು ತಾನಾಗಿ ಮ್ಯಾಪ್ ಮೇಲೆ ಮೂಡಬೇಕು. ಇದು ನಮ್ಮ ಬ್ಯಾಚ್‌ನ ಐಡಿಯಾ. ಇಂಥದ್ದು ಹಿಂದೆ ಯಾರಾದರೂ ಮಾಡಿದ್ದಾರಾ ಎಂದು ಹುಡುಕಿದಾಗ ‘ಉಶಾಹಿದಿ’ ಎಂಬ ಹೆಸರು ಸಿಕ್ಕಿತು. ಅದು ಕೆನ್ಯಾದ ಕೆಲವು ಯುವಕ ಯುವತಿಯರು 2008ರ ಜನವರಿಯಲ್ಲಿ ಕೆಲವೇ ದಿನಗಳಲ್ಲಿ ಕಟ್ಟಿದ ಸಾಫ್ಟ್‌ವೇರ್. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಸಾಕ್ಷ್ಯ ಎಂದರ್ಥ. ಚುನಾವಣೆಯ ನಂತರ ಆ ದೇಶದಲ್ಲಿ ಗಲಭೆ ಹಬ್ಬಿದಾಗ ಎಲ್ಲಿ ಏನಾಗುತ್ತಿದೆ ಎಂದು ಜನರೇ ತಿಳಿಸುತ್ತಿದ್ದರು, ಅದು ನಕ್ಷೆಯ ಮೇಲೆ ಕಾಣುತ್ತಿತ್ತು.

ಕೋಡ್ ನೋಡಲು ಹೋದವನು ಆ ಗಲಭೆಯ ಬಗ್ಗೆ ಓದತೊಡಗಿದೆ. ಓದುತ್ತಾ ಓದುತ್ತಾ ಮತ್ತೆ ಮತ್ತೆ ಒಬ್ಬ ಹೆಣ್ಣುಮಗಳ ಹೆಸರು ಎದುರಾಯಿತು. ಡೆಕಾ ಇಬ್ರಾಹಿಂ ಅಬ್ದಿ. ಆಕೆಯ ಊರು ವಾಜಿರ್. ಪ್ರಾಜೆಕ್ಟ್ ರಿಪೋರ್ಟ್‌ಗೆ ಬೇಕಾದದ್ದು ಎರಡು ದಿನದಲ್ಲಿ ಮುಗಿಯಿತು. ವಾಜಿರ್ ಮಾತ್ರ ನನ್ನನ್ನು ಬಿಡಲಿಲ್ಲ.

ವಾಜಿರ್ ಇರುವುದು ಕೆನ್ಯಾದ ಈಶಾನ್ಯ ಮೂಲೆಯಲ್ಲಿ. ರಾಜಧಾನಿ ನೈರೋಬಿಯಿಂದ ಸುಮಾರು 600 ಕಿಲೋಮೀಟರ್ ದೂರ. ಒಂದು ಕಡೆ ಸೋಮಾಲಿಯಾ, ಇನ್ನೊಂದು ಕಡೆ ಇಥಿಯೋಪಿಯಾ. ಮಳೆ ಕಡಿಮೆ, ಮುಳ್ಳುಗಿಡ ಜಾಸ್ತಿ. ಜನ ಒಂಟೆ, ದನ, ಆಡು ಕಟ್ಟಿಕೊಂಡು ನೀರು, ಮೇವು ಇರುವ ಕಡೆಗೆ ಅಲೆಯುವವರು. ಅಲ್ಲಿನ ಬಹುಪಾಲು ಜನ ಸೋಮಾಲಿಗಳು. ಭಾಷೆ ಒಂದೇ, ಧರ್ಮ ಒಂದೇ. ಆದರೆ ದೆಗೋದಿಯಾ, ಅಜುರಾನ್, ಒಗಾಡೆನ್ ಎಂದು ಕುಲಗಳು ಬೇರೆ ಬೇರೆ. ಬಾವಿಯ ಸರದಿ, ಮೇವಿನ ಸೀಮೆ, ಓಟು ಎಲ್ಲದಕ್ಕೂ ಕುಲದ ಲೆಕ್ಕ.

ಸರ್ಕಾರ ಎಂದರೆ ಅಲ್ಲಿನ ಜನರಿಗೆ ಭರವಸೆಗಿಂತ ಭಯವೇ ಹೆಚ್ಚಿತ್ತು. ಕೆನ್ಯಾ ಸ್ವತಂತ್ರವಾದ 1963ರ ಕೊನೆಯಲ್ಲೇ ಆ ಭಾಗಕ್ಕೆ ತುರ್ತು ಪರಿಸ್ಥಿತಿ ಹೇರಲಾಗಿತ್ತು. ಅದು ತೆರವಾಗಿದ್ದು 1991ರಲ್ಲಿ. 1984ರ ಫೆಬ್ರುವರಿಯಲ್ಲಿ ವಾಜಿರ್ ಹತ್ತಿರದ ವಗಾಲಾ ಎಂಬಲ್ಲಿ ವಿಮಾನಗಳು ಇಳಿಯುವ ಬಯಲಿಗೆ ದೆಗೋದಿಯಾ ಗಂಡಸರನ್ನು ಭದ್ರತಾ ಪಡೆಗಳೇ ಕೂಡಿಹಾಕಿ ಕೊಂದಿದ್ದವು. ಹೀಗಾಗಿ ಕಷ್ಟ ಬಂದರೆ ಪೊಲೀಸ್ ಠಾಣೆಗೆ ಹೋಗೋಣ ಎನ್ನುವ ಅಭ್ಯಾಸವೇ ಅಲ್ಲಿನವರಿಗೆ ಇರಲಿಲ್ಲ.

ಇಂಥ ಊರಿಗೆ ತೊಂಬತ್ತರ ದಶಕದ ಆರಂಭದಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂತು. 1991ರ ಜನವರಿಯಲ್ಲಿ ನೆರೆಯ ಸೋಮಾಲಿಯಾದಲ್ಲಿ ಸಿಯಾದ್ ಬರ್ರೆ ಸರ್ಕಾರ ಉರುಳಿತು. ಗಡಿ ದಾಟಿ ನಿರಾಶ್ರಿತರು ಬಂದರು, ಅವರ ಹಿಂದೆ ಬಂದೂಕುಗಳೂ ಬಂದವು. ಅದೇ ಹೊತ್ತಿಗೆ ಭೀಕರ ಬರ. ದನಕರು ಸತ್ತು ಬಿದ್ದವು. ಉಳಿದ ಜಾನುವಾರುಗಳಿಗೆ ನೀರು ಹುಡುಕುತ್ತಾ ಒಂದು ಕುಲದವರು ಇನ್ನೊಂದು ಕುಲದವರ ಬಾವಿಗೆ ಹೋದರೆ ಜಗಳ. 1992ರ ಡಿಸೆಂಬರ್‌ನಲ್ಲಿ ಚುನಾವಣೆ. ಎಂಪಿ ಸ್ಥಾನ ಯಾವ ಕುಲಕ್ಕೆ ಎಂಬ ಪೈಪೋಟಿ ಬೇರೆ. ಮೊದಲು ದನ ಕದ್ದರು, ಆಮೇಲೆ ಮನೆ ಸುಟ್ಟರು, ಆಮೇಲೆ ಕೊಂದರು. 1992ರಿಂದ 95ರವರೆಗೆ ಸತ್ತವರು ಸುಮಾರು 1,200 ಜನ.

ಅಮ್ಮ ಹೇಳಿದ ಮಾತು

ಡೆಕಾ ಹುಟ್ಟಿದ್ದು 1964ರಲ್ಲಿ, ವಾಜಿರ್‌ನಲ್ಲೇ. ಓದಿ ಶಿಕ್ಷಕಿಯಾದರು. ಗುಂಡಿನ ಚಕಮಕಿ ಶುರುವಾದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಒಂದು ರಾತ್ರಿ ಹೊರಗೆ ಗುಂಡು ಹಾರುತ್ತಿದ್ದಾಗ ಪುಟ್ಟ ಮಗಳನ್ನು ಅಪ್ಪಿಕೊಂಡು ಮಂಚದ ಕೆಳಗೆ ಅಡಗಿದರು. ಆಮೇಲೆ ಅವರ ಅಮ್ಮ ಒಂದು ಹಳೆಯ ಸಂಗತಿ ನೆನಪಿಸಿದರಂತೆ. ಡೆಕಾ ಮಗುವಾಗಿದ್ದಾಗ, ಅರವತ್ತರ ದಶಕದ ಗಲಭೆಯಲ್ಲಿ, ಅಮ್ಮನೂ ಹೀಗೇ ಅವರನ್ನು ಮಂಚದ ಕೆಳಗೆ ಬಚ್ಚಿಟ್ಟು ಕಾಪಾಡಿದ್ದರಂತೆ.

ಡೆಕಾ ಈ ಘಟನೆಯನ್ನು ಮುಂದೆ ಅನೇಕ ಕಡೆ ಹೇಳಿಕೊಂಡಿದ್ದಾರೆ. ಅಮ್ಮ ಬಚ್ಚಿಟ್ಟಳು, ಈಗ ನಾನು ಬಚ್ಚಿಡುತ್ತಿದ್ದೇನೆ, ನಾಳೆ ನನ್ನ ಮಗಳು ಅವಳ ಮಗುವನ್ನು ಬಚ್ಚಿಡಬೇಕಾ? ಇದು ಅವರನ್ನು ಕೊರೆದ ಪ್ರಶ್ನೆ.

1993ರಲ್ಲಿ ಊರಿನ ಒಂದು ಮದುವೆಗೆ ಹೆಂಗಸರು ಸೇರಿದ್ದರು. ಮದುವೆ ಮನೆಯಲ್ಲಿ ಹೆಂಗಸರು ಏನು ಮಾತಾಡುತ್ತಾರೆ? ನಮ್ಮಲ್ಲಾದರೆ ಸೀರೆ, ಸಂಬಂಧ, ಅಡುಗೆ. ಅಲ್ಲಿ ಮಾತು ತಿರುಗಿದ್ದು ಗುಂಡಿನ ಕಡೆಗೆ. ಯಾರ ಮನೆಯ ಗಂಡಸು ಸತ್ತ, ಯಾರ ಮಗ ಬಂದೂಕು ಹಿಡಿದ, ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು. ಬೇರೆ ಬೇರೆ ಕುಲದ ಹೆಂಗಸರು ಒಂದೇ ಚಾಪೆಯ ಮೇಲೆ ಕೂತಿದ್ದ ಜಾಗಗಳು ಆಗ ಊರಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆ ಮಾತು ಅಲ್ಲಿಗೇ ನಿಲ್ಲಬಾರದು ಎಂದು ಡೆಕಾ ಮತ್ತು ಕೆಲವು ಗೆಳತಿಯರು ತೀರ್ಮಾನಿಸಿದರು. ಮತ್ತೆ ಸೇರಿದರು. ಮತ್ತಷ್ಟು ಜನರನ್ನು ಕರೆತಂದರು.

ಇಲ್ಲಿಯವರೆಗೂ ಓದಿದಾಗ ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಮುಂದೆ ಮೇಣದಬತ್ತಿ ಹಚ್ಚುತ್ತಾರೆ, ಬ್ಯಾನರ್ ಹಿಡಿಯುತ್ತಾರೆ, ಮೆರವಣಿಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಮಾಡಿದ್ದು ಬೇರೆಯೇ.

ಮೊದಲ ಕೆಲಸ ಮಾರುಕಟ್ಟೆಯಲ್ಲಿ

ಅವರು ಹೋಗಿದ್ದು ಊರಿನ ಮಾರುಕಟ್ಟೆಗೆ. ಯಾಕೆಂದರೆ ಜಗಳ ದಿನಾಲೂ ಹೊತ್ತಿಕೊಳ್ಳುತ್ತಿದ್ದದ್ದು ಅಲ್ಲಿ. ಹಾಲು, ಸೊಪ್ಪು, ಕಾಳು ಮಾರುವ ಹೆಂಗಸರೇ ಎರಡು ಪಾಳಿಯಾಗಿದ್ದರು. ಈ ಕುಲದವಳು ಆ ಕುಲದವಳಿಗೆ ಮಾರುವುದಿಲ್ಲ, ಆ ಕುಲದವಳು ಬಂದರೆ ಇವರು ಓಡಿಸುತ್ತಾರೆ. ಬೈಗುಳ ಕೈ ಕೈ ಮಿಲಾಯಿಸುವವರೆಗೆ ಹೋಗುತ್ತಿತ್ತು. ಹೆಂಗಸರ ಆ ಜಗಳ ಸಂಜೆ ಮನೆ ಮುಟ್ಟುತ್ತಿತ್ತು. ಮನೆಯ ಹುಡುಗರು ರಾತ್ರಿ ಬಂದೂಕು ಹುಡುಕುತ್ತಿದ್ದರು.

ಆದ್ದರಿಂದ ಈ ಗುಂಪಿನ ಮೊದಲ ನಿಯಮ ತುಂಬಾ ಸರಳ. ಮಾರುಕಟ್ಟೆಗೆ ಯಾವ ಕುಲದ ಹೆಣ್ಣುಮಗಳು ಬೇಕಾದರೂ ಬರಬಹುದು, ಮಾರಬಹುದು, ಕೊಳ್ಳಬಹುದು. ಇದನ್ನು ನೋಡಿಕೊಳ್ಳಲು ಎಲ್ಲಾ ಕುಲದ ಹೆಂಗಸರೂ ಇರುವ ಒಂದು ಕಾವಲು ಸಮಿತಿ. ಎಲ್ಲಾದರೂ ಮಾತು ಜೋರಾದರೆ ಆ ಸಮಿತಿಯವರು ಅಲ್ಲಿಗೆ ಹೋಗಿ ನಿಲ್ಲಬೇಕು, ಬಿಡಿಸಬೇಕು. ತನ್ನ ಕುಲದವಳೇ ತಪ್ಪು ಮಾಡಿದ್ದರೆ ತಾನೇ ಹೇಳಬೇಕು.

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಸರ್ಕಿಟ್ ಕೆಟ್ಟರೆ ಮೊದಲು ಎಲ್ಲಿ ಶಾರ್ಟ್ ಆಗಿದೆ ಎಂದು ನೋಡಬೇಕು ಎಂದು ನಮಗೆ ಕಲಿಸಿದ್ದಾರೆ. ಬೋರ್ಡ್ ಪೂರ್ತಿ ಬದಲಿಸಬೇಕಾಗಿಲ್ಲ. ಈ ಹೆಂಗಸರಿಗೆ ಯಾರೂ ಅದನ್ನು ಕಲಿಸಿರಲಿಲ್ಲ. ಅವರು ನೇರವಾಗಿ ಕೈ ಹಾಕಿದ್ದು ಶಾರ್ಟ್ ಆಗಿದ್ದ ಜಾಗಕ್ಕೇ. ‘ಶಾಂತಿಯಿಂದಿರಿ’ ಎಂದು ಉಪದೇಶ ಮಾಡಲಿಲ್ಲ. ‘ಅವಳಿಗೂ ಹಾಲು ಮಾರು’ ಎಂದರು. ಮಾರಿದಳೋ ಇಲ್ಲವೋ ಎಂದು ನಿಂತು ನೋಡಿದರು.

ಮಾರುಕಟ್ಟೆ ತಣ್ಣಗಾಯಿತು. ಆದರೆ ಬಂದೂಕು ಇದ್ದದ್ದು ಹೆಂಗಸರ ಕೈಯಲ್ಲಲ್ಲ. ಮುಂದಿನ ಹೆಜ್ಜೆ ಇಡಲೇಬೇಕಿತ್ತು.

ಚಿಕ್ಕ ಕುಲದ ದೊಡ್ಡ ಮಾತು

ಸೋಮಾಲಿ ಸಮಾಜದಲ್ಲಿ ಜಗಳ ತೀರ್ಮಾನಿಸುವವರು ಕುಲದ ಹಿರಿಯರು. ಹೆಂಗಸರು ಹೋಗಿ ಪಂಚಾಯಿತಿಯಲ್ಲಿ ಕೂತು ತೀರ್ಪು ಕೊಡುವ ಪದ್ಧತಿಯಿಲ್ಲ. ಇದು ಸರಿಯಲ್ಲ ಎಂದು ಅವರು ಅಲ್ಲಿ ವಾದಕ್ಕೆ ಇಳಿದಿದ್ದರೆ ಇನ್ನೊಂದು ಜಗಳ ಆಗುತ್ತಿತ್ತು. ಓದಿದ ಯುವಕರನ್ನು, ಸರ್ಕಾರಿ ನೌಕರರನ್ನು, ವ್ಯಾಪಾರಿಗಳನ್ನು ಜತೆಗೆ ಸೇರಿಸಿಕೊಂಡು ಹಿರಿಯರ ಬಳಿ ಹೋದರು. ಕುಳಿತು ಮಾತಾಡಿ ಎಂದು ಕೇಳಿಕೊಂಡರು.

ಮಾತು ಶುರು ಮಾಡುವುದು ಯಾರು? ದೊಡ್ಡ ಕುಲದ ಹಿರಿಯ ಮೊದಲು ಮಾತಾಡಿದರೆ ಎದುರು ಕುಲದವರಿಗೆ ಅದು ಅಪ್ಪಣೆಯಂತೆ ಕೇಳುತ್ತದೆ. ಅದಕ್ಕೇ ಮಧ್ಯಸ್ಥಿಕೆಯನ್ನು ವಹಿಸಿದ್ದು ಈ ಜಗಳದಲ್ಲಿ ಪಾಲಿಲ್ಲದ ಸಣ್ಣ ಕುಲಗಳ ಹಿರಿಯರಿಗೆ. ಅವರಿಂದ ಯಾರಿಗೂ ಭಯವಿಲ್ಲ. ಅವರಿಗೆ ಗೆಲ್ಲುವುದಕ್ಕೂ ಏನಿಲ್ಲ. ಊರು ಸುಟ್ಟರೆ ಮಾತ್ರ ಅವರ ಮನೆಯೂ ಸುಡುತ್ತದೆ. ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ನಾನು ಇಂಥ ಜಾಣತನ ಓದಿಲ್ಲ. ನಮ್ಮ ಕಡೆ ಜಗಳ ಬಿಡಿಸಲು ಊರಿನ ದೊಡ್ಡ ಮನೆತನದವರನ್ನೇ ಕರೆಯುತ್ತೇವೆ. ಅವರು ಕರೆದದ್ದು ದನಿಯೇ ಇಲ್ಲದವರನ್ನು.

ಹಲವು ಸುತ್ತಿನ ಮಾತುಕತೆ ನಡೆದು 1993ರ ಸೆಪ್ಟೆಂಬರ್‌ನಲ್ಲಿ ‘ಅಲ್ ಫತಾ ಘೋಷಣೆ’ ಎಂಬ ಒಪ್ಪಂದವಾಯಿತು. ಕದ್ದ ದನ ವಾಪಸ್ ಕೊಡುವುದು, ಸತ್ತವರ ಮನೆಗೆ ಪರಿಹಾರ ಕೊಡುವುದು, ಇನ್ನು ಮುಂದೆ ಹೇಗೆ ನಡೆದುಕೊಳ್ಳಬೇಕು ಎನ್ನುವುದು, ಎಲ್ಲವೂ ಅದರಲ್ಲಿತ್ತು. ಕೊಲೆಯಾದರೆ ಒಂಟೆಗಳ ಲೆಕ್ಕದಲ್ಲಿ ಪರಿಹಾರ ಕೊಡುವುದು ಸೋಮಾಲಿಗಳ ಹಳೆಯ ಪದ್ಧತಿ. ಹೊರಗಿನಿಂದ ಯಾವುದೋ ಕಾನೂನು ತಂದು ಹೇರದೆ, ಜನರಿಗೆ ಗೊತ್ತಿದ್ದ ರೀತಿಯನ್ನೇ ಮುಂದಿಟ್ಟುಕೊಂಡು ಮಾತಾಡಿದರು.

ಹಿರಿಯರು ಒಪ್ಪಿದರೆ ಸಾಕಾ? ಬಂದೂಕು ಹಿಡಿದಿದ್ದವರು ನಮ್ಮ ವಯಸ್ಸಿನ ಹುಡುಗರು. ಬರದಲ್ಲಿ ದನ ಸತ್ತು ಹೋಗಿದ್ದ, ಕೆಲಸವಿಲ್ಲದ ಹುಡುಗರಿಗೆ ಬಂದೂಕೇ ಸಂಬಳ. ಅದನ್ನು ಕೆಳಗಿಡು ಎಂದರೆ, ಇಟ್ಟು ಏನು ತಿನ್ನಲಿ ಎಂದು ಕೇಳುತ್ತಾರೆ. ಆದ್ದರಿಂದ ಯುವಕರದ್ದೇ ಶಾಂತಿ ಗುಂಪು ಕಟ್ಟಿದರು. ಅವರಿಗೆ ಕೆಲಸ, ದುಡಿಮೆ ಒದಗಿಸುವ ಪ್ರಯತ್ನವನ್ನೂ ಶಾಂತಿಯ ಕೆಲಸ ಎಂದೇ ಪರಿಗಣಿಸಿದರು. ಶಾಲೆಗಳಿಗೂ ಹೋದರು. ಮಸೀದಿಯ ಧರ್ಮಗುರುಗಳನ್ನೂ ಸೇರಿಸಿಕೊಂಡರು.

ಇನ್ನೊಂದು ವ್ಯವಸ್ಥೆ ನನಗೆ ತುಂಬಾ ಹಿಡಿಸಿತು. ಹಿರಿಯರು, ಹೆಂಗಸರು, ಧರ್ಮಗುರುಗಳು, ಅಧಿಕಾರಿಗಳು ಎಲ್ಲರೂ ಇದ್ದ ಒಂದು ತುರ್ತು ತಂಡ. ಎಲ್ಲೋ ದೂರದ ಬಾವಿಯ ಬಳಿ ಜಗಳವಾಯಿತು, ಒಬ್ಬನಿಗೆ ಗಾಯವಾಯಿತು ಎಂದರೆ ಈ ತಂಡ ಕೂಡಲೇ ಹೊರಡಬೇಕು. ಯಾಕೆ ಕೂಡಲೇ? ಒಬ್ಬನಿಗೆ ಗಾಯವಾದ ಸುದ್ದಿ ಮುಂದಿನ ಹಳ್ಳಿ ಮುಟ್ಟುವಾಗ ಐದು ಜನ ಸತ್ತರು ಎಂದಾಗಿರುತ್ತದೆ. ಸೇಡು ತೀರಿಸಿಕೊಳ್ಳಲು ಹೊರಡುವವರು ನಿಜ ಏನೆಂದು ವಿಚಾರಿಸುತ್ತಾ ಕೂರುವುದಿಲ್ಲ. ಗಾಳಿಸುದ್ದಿಗಿಂತ ಮೊದಲು ಮನುಷ್ಯರು ತಲುಪಬೇಕು.

ಇದನ್ನು ಓದಿದ ದಿನ ನನಗೆ ಮೇ 8ರ ರಾತ್ರಿ ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಮೊಬೈಲ್ ಇಲ್ಲದ ಆ ಊರಿನಲ್ಲಿ ಸುಳ್ಳನ್ನು ತಡೆಯಲು ಜನ ಮರಳುಗಾಡಿನಲ್ಲಿ ಗಾಡಿ ಓಡಿಸುತ್ತಿದ್ದರು. ಕೈಯಲ್ಲಿ ಮೊಬೈಲ್ ಇದ್ದ ನಾನು ಒಂದು ಕಾಲ್ ಕೂಡ ಮಾಡದೆ ಸುಳ್ಳನ್ನು ಗೋಕಾಕದವರೆಗೆ ಕಳಿಸಿದ್ದೆ.

ಹೀಗೆ ಬೇರೆ ಬೇರೆಯಾಗಿ ಶುರುವಾದ ಹೆಂಗಸರ ಗುಂಪು, ಹಿರಿಯರ ಗುಂಪು, ಯುವಕರ ಗುಂಪು ಎಲ್ಲವೂ 1995ರಲ್ಲಿ ‘ವಾಜಿರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ’ ಎಂಬ ಒಂದೇ ಒಕ್ಕೂಟವಾದವು. ಅದು ಜಿಲ್ಲಾಡಳಿತದ ಭಾಗವೂ ಆಯಿತು. ಯಾವ ಸರ್ಕಾರದ ಬಗ್ಗೆ ಜನರಿಗೆ ಭಯವಿತ್ತೋ ಅದೇ ಸರ್ಕಾರದ ಅಧಿಕಾರಿಗಳನ್ನು ಜತೆಗೆ ಕೂರಿಸಿಕೊಂಡರು. ಮುಂದೆ ಕೆನ್ಯಾದ ಬೇರೆ ಜಿಲ್ಲೆಗಳೂ ಇದೇ ಮಾದರಿಯ ಶಾಂತಿ ಸಮಿತಿಗಳನ್ನು ಕಟ್ಟಿಕೊಂಡವು.

ಎಸ್‌ಎಂಎಸ್ ಹೊಡೆದ ಉಲ್ಟಾ

ಈಗ ನನ್ನ ಮಿನಿ ಪ್ರಾಜೆಕ್ಟ್‌ನ ಕಾಲಕ್ಕೆ ಬರೋಣ. 2007ರ ಡಿಸೆಂಬರ್ 27ರಂದು ಕೆನ್ಯಾದಲ್ಲಿ ಅಧ್ಯಕ್ಷೀಯ ಚುನಾವಣೆ. 30ರಂದು ಫಲಿತಾಂಶ. ಮೋಸ ನಡೆದಿದೆ ಎಂಬ ಆರೋಪ ಎದ್ದಿತು, ದೇಶ ಹೊತ್ತಿಕೊಂಡಿತು. ನೆರೆಹೊರೆಯವರೇ ಒಬ್ಬರನ್ನೊಬ್ಬರು ಕೊಂದರು. ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಸಾವು. ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಇಂಥ ಜನಾಂಗದವರನ್ನು ಓಡಿಸಿ, ಹೊಡೆಯಿರಿ ಎಂಬ ಎಸ್‌ಎಂಎಸ್‌ಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತಿದ್ದವು.

ಫಲಿತಾಂಶದ ಮರುದಿನವೇ ನೈರೋಬಿಯಲ್ಲಿ ಐದು ಜನ ಸೇರಿದರು. ಇಬ್ಬರು ನಿವೃತ್ತ ಸೇನಾಧಿಕಾರಿಗಳಾದ ಡೇನಿಯಲ್ ಒಪಾಂಡೆ ಮತ್ತು ಲಜಾರಸ್ ಸುಂಬೈವೊ, ಹಿರಿಯ ರಾಜತಾಂತ್ರಿಕ ಬೆಥುಯೆಲ್ ಕಿಪ್ಲಗಾಟ್, ಶಾಂತಿ ಕಾರ್ಯಕರ್ತ ಜಾರ್ಜ್ ವಾಚಿರಾ, ಐದನೆಯವರು ನಮ್ಮ ವಾಜಿರ್‌ನ ಡೆಕಾ. ಒಂದು ಹೋಟೆಲ್‌ನ ಕೋಣೆಯಲ್ಲಿ ಪ್ರತಿದಿನ ಬೆಳಿಗ್ಗೆ ಸಭೆ. ಯಾರು ಬೇಕಾದರೂ ಬರಬಹುದು. ಬಂದವರಿಗೆಲ್ಲ ಏನಾದರೊಂದು ಕೆಲಸ. ಅದೇ ಮಾರುಕಟ್ಟೆಯ ರೀತಿ.

ಆಗ ಸರ್ಕಾರದಲ್ಲಿ ಎಸ್‌ಎಂಎಸ್ ಸೇವೆಯನ್ನೇ ಬಂದ್ ಮಾಡುವ ಯೋಚನೆಯೂ ಇತ್ತು. ಬಂದ್ ಮಾಡುವ ಬದಲು ಶಾಂತಿಯ ಸಂದೇಶ ಕಳಿಸೋಣ ಎಂದು ಅಲ್ಲಿನ ದೊಡ್ಡ ಮೊಬೈಲ್ ಕಂಪನಿ ಸಫಾರಿಕಾಮ್ ಮುಂದೆ ಬಂದು ತನ್ನ ಲಕ್ಷಾಂತರ ಗ್ರಾಹಕರಿಗೆ ಸಂದೇಶ ಕಳಿಸಿತು. ಶಾಂತಿ ಸಂಘಟನೆಗಳು ಎಸ್‌ಎಂಎಸ್ ಮೂಲಕವೇ ಎಲ್ಲಿ ಗಲಭೆಯ ಸೂಚನೆ ಇದೆ ಎಂದು ತಿಳಿದುಕೊಂಡು ಸ್ಥಳೀಯ ಸಮಿತಿಗಳಿಗೆ ತಲುಪಿಸುವ ವ್ಯವಸ್ಥೆ ಮಾಡಿದವು. ಅದೇ ಫೋನು, ಅದೇ ಟವರು. ಬೆಂಕಿ ಹಚ್ಚಲು ಬಳಸಿದ್ದನ್ನೇ ನೀರು ಹಾಕಲು ಬಳಸಿದರು. ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ ಮಾತುಕತೆ ನಡೆದು ಫೆಬ್ರುವರಿ 28ರಂದು ಇಬ್ಬರು ನಾಯಕರು ಒಪ್ಪಂದಕ್ಕೆ ಸಹಿ ಹಾಕಿದರು. ಟಿವಿಯಲ್ಲಿ ಕಂಡದ್ದು ಆ ಸಹಿ. ಅದಕ್ಕಿಂತ ಮೊದಲು ಬೀದಿಗಳಲ್ಲಿ ನಡೆದ ಈ ಸಣ್ಣ ಕೆಲಸಗಳು ಅಷ್ಟಾಗಿ ಕಾಣಲಿಲ್ಲ.

ಡೆಕಾ ಅವರಿಗೆ 2007ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂದಿತ್ತು. 2011ರಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಜುಲೈ 14ರಂದು ತೀರಿಕೊಂಡರು. ಆಗ ಅವರಿಗೆ 50 ಕೂಡ ಆಗಿರಲಿಲ್ಲ.

ಎಲ್ಲಾ ಸುಖಾಂತ್ಯವೇ?

ಅಲ್ಲ. ಹಾಗೆ ಬರೆದರೆ ಅದೂ ಒಂದು ಸುಳ್ಳು ಫಾರ್ವರ್ಡ್ ಆಗುತ್ತದೆ. 1998ರಲ್ಲಿ ಗಡಿಯಾಚೆಯಿಂದ ಬಂದವರು ವಾಜಿರ್‌ನ ಬಗಾಲಾ ಎಂಬಲ್ಲಿ ಭೀಕರ ಹತ್ಯಾಕಾಂಡ ನಡೆಸಿದರು. 2014ರಲ್ಲಿ ವಾಜಿರ್ ಮತ್ತು ಪಕ್ಕದ ಮಂಡೇರಾದಲ್ಲಿ ದೆಗೋದಿಯಾ ಹಾಗೂ ಗರ್ರೆ ಕುಲಗಳ ನಡುವೆ ಮತ್ತೆ ರಕ್ತ ಹರಿಯಿತು. ಸಮಿತಿ ಒಮ್ಮೆ ಕಟ್ಟಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಊರ ಕೆರೆಯ ಹೂಳು ಒಂದು ಸಲ ಎತ್ತಿದರೆ ಸಾಕಾ? ವರ್ಷ ವರ್ಷ ಎತ್ತುತ್ತಲೇ ಇರಬೇಕು. ಇದೂ ಹಾಗೆಯೇ.

ನನ್ನ ಬ್ಯಾಚ್‌ಮೇಟ್ ಒಬ್ಬ ಇದನ್ನೆಲ್ಲ ಕೇಳಿ, ‘ಮಗಾ, ಅದು ಕುಲದ ಜಗಳ. ದೇಶ ದೇಶದ ಯುದ್ಧ ಬೇರೆ. ಹಾಲು ಮಾರೋ ಹೆಂಗಸರು ಮಿಸೈಲ್ ನಿಲ್ಸಕ್ಕಾಗುತ್ತಾ?’ ಎಂದ. ನ್ಯಾಯವಾದ ಪ್ರಶ್ನೆ. ಆಗುವುದಿಲ್ಲ. ಗಡಿಯಲ್ಲಿ ಏನಾಗಬೇಕು ಎನ್ನುವುದು ನಮ್ಮ ಕೈಯಲ್ಲಿಲ್ಲ. ಉಗ್ರರನ್ನು ಎದುರಿಸುವುದು ಸೇನೆಯ, ಸರ್ಕಾರದ ಕೆಲಸ. ಅದರ ಬಗ್ಗೆ ಬುದ್ಧಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ.

ಆದರೆ ಪ್ರತಿ ಯುದ್ಧಕ್ಕೂ ಒಂದು ಮಾರುಕಟ್ಟೆ ಇರುತ್ತದೆ ಎಂದು ನನಗೀಗ ಅನ್ನಿಸುತ್ತದೆ. ಸಿಟ್ಟು, ಸುಳ್ಳು, ಗೇಲಿ ದಿನಾ ಬಿಕರಿಯಾಗುವ ಜಾಗ. ನಮ್ಮ ಕಾಲಕ್ಕೆ ಅದು ವಾಟ್ಸ್‌ಆ್ಯಪ್ ಗ್ರೂಪ್. ಅಲ್ಲಿ ನಾವೇ ಮಾರುವವರು, ನಾವೇ ಕೊಳ್ಳುವವರು. ಯುದ್ಧ ನಿಜವಾಗಿ ಬಂದಾಗ ಅದರ ಬೆಲೆ ಕಟ್ಟುವವರು ಬೇರೆ, ಟಿವಿ ಹಾಲ್‌ನಲ್ಲಿ ಶಿಳ್ಳೆ ಹೊಡೆಯುವವರು ಬೇರೆ. ನಮ್ಮ ಮಹಡಿಯ ನಲವತ್ತು ಹುಡುಗರಲ್ಲಿ ಒಬ್ಬನ ಅಣ್ಣ ಮಾತ್ರ ಗಡಿಯಲ್ಲಿದ್ದ. ಆ ರಾತ್ರಿ ಟಿವಿ ಹಾಲ್‌ಗೆ ಬಾರದೇ ಇದ್ದವನು ಅವನೊಬ್ಬನೇ.

ಏಳು ತಿಂಗಳ ನಂತರ

ಡಿಸೆಂಬರ್‌ನಲ್ಲಿ ಪ್ರಾಜೆಕ್ಟ್ ವೈವಾ ಮುಗಿಯಿತು. ಎಕ್ಸ್‌ಟರ್ನಲ್ ಸರ್ ಉಶಾಹಿದಿ ಬಗ್ಗೆ ಎರಡು ಪ್ರಶ್ನೆ ಕೇಳಿ ಬಿಟ್ಟರು. ವಾಜಿರ್ ಬಗ್ಗೆ ಯಾರೂ ಕೇಳಲಿಲ್ಲ. ಆ ರಾತ್ರಿ ರೂಮ್‌ಮೇಟ್ ಬಟ್ಟೆ ಮಡಚುತ್ತಿದ್ದ, ಊರಿಗೆ ಹೊರಟಿದ್ದ. ನಾನು ಬಾಗಿಲು ಹಾಕಿ ಹೇಳಿದೆ. ಆ ಆಡಿಯೊ ಕ್ಲಾಸ್ ಗ್ರೂಪಿಗೆ ಹಾಕಿದ್ದು ನಾನೇ ಎಂದು.

ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹೊಡೆದರೆ ಹೊಡೆಯಲಿ ಎಂದುಕೊಂಡಿದ್ದೆ. ಕೊನೆಗೆ, ‘ಒಂದ್ ಫೋನ್ ಮಾಡಿ ನನ್ನ ಕೇಳಬಾರ್ದಿತ್ತೇನಲೇ? ಬಾಜೂ ಮಂಚದಾಗ ಇದ್ದೆ’ ಎಂದ. ಅಷ್ಟೇ. ಆ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.

ರಜೆ ಮುಗಿದ ಮೇಲೆ ಇಬ್ಬರೂ ಸೇರಿ ಕ್ಲಾಸ್ ಗ್ರೂಪ್‌ಗೆ ಒಂದು ನಿಯಮ ತಂದೆವು. ಯುದ್ಧ, ಗಲಭೆ, ಅಪಘಾತದ ಸುದ್ದಿ ಹಾಕುವ ಮೊದಲು ಅದು ಯಾರ ಮನೆಗೆ ತಟ್ಟುತ್ತದೋ ಅವರನ್ನು ಒಮ್ಮೆ ಕೇಳಬೇಕು. ಸುಳ್ಳು ಎಂದು ಗೊತ್ತಾದರೆ ಹಾಕಿದವನೇ ತೆಗೆದು, ‘ಅದು ಸುಳ್ಳು’ ಎಂದು ಬರೆಯಬೇಕು. ಸುಮ್ಮನೆ ಡಿಲೀಟ್ ಮಾಡಿದರೆ ಸಾಲದು. ನೋಡಿಕೊಳ್ಳಲು ನಾಲ್ಕು ಜನ. ಉತ್ತರ ಕರ್ನಾಟಕದವನೊಬ್ಬ, ಬೆಂಗಳೂರಿನವಳೊಬ್ಬಳು, ಕರಾವಳಿಯ ಒಬ್ಬ ಮುಸ್ಲಿಂ ಗೆಳೆಯ ಮತ್ತು ನಾನು. ಕೆಲವರು ನಕ್ಕರು. ‘ಶಾಂತಿದೂತರು ಬಂದ್ರಪ್ಪೋ’ ಎಂದು ಸ್ಟಿಕ್ಕರ್ ಮಾಡಿದರು. ಆದರೆ ಈವರೆಗೆ ಮೂರು ಸಲ ಆ ನಿಯಮ ಕೆಲಸ ಮಾಡಿದೆ. ಅದರಲ್ಲಿ ಒಂದು ಸಲ ತಪ್ಪಿದ್ದು ಆ ಸ್ಟಿಕ್ಕರ್ ಮಾಡಿದವನೇ. ತಾನೇ ತಿದ್ದಿ ಬರೆದ.

ಕಳೆದ ತಿಂಗಳು ರೂಮ್‌ಮೇಟ್ ಮನೆಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟ. ಅವ್ವನಿಗೆ ವಿಷಯ ಗೊತ್ತಿತ್ತು. ಕ್ಷಮೆ ಕೇಳಬೇಕೆಂದು ವಾಕ್ಯವನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ‘ಅವ್ವಾ, ನಾನು...’ ಎಂದೆ. ಮುಂದೆ ಮಾತು ಹೊರಡಲಿಲ್ಲ.

ಆ ಕಡೆಯಿಂದ ಅವ್ವ ಕೇಳಿದರು: ‘ಉಂಡೀ ಏನಪಾ?’